‘ಹೂಂ’ ಅಂದರೆ ಒಪ್ಪಿಗೆಯೋ, ಬರೀ ಮರ್ಯಾದೆಯೋ?

ಪ್ರಶ್ನೆ: ಕಂಪನಿಯಲ್ಲಿ ನನಗೆ ಮೂರು ದೇಶಗಳ ತಂಡಗಳ ಜವಾಬ್ದಾರಿ ಕೊಟ್ಟಿದ್ದಾರೆ: ಜರ್ಮನಿ, ಜಪಾನ್, ಇಂಡೋನೇಷ್ಯಾ. ಎರಡು ದಿನದ ತರಬೇತಿಯೂ ಆಯಿತು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ, ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಹೇಳಿದ ಸಮಯಕ್ಕೆ ಹೋಗಿ ಅಂತೆಲ್ಲ ಹೇಳಿಕೊಟ್ಟರು. ಇಷ್ಟು ಸಾಕಾ? ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡುವುದನ್ನು ನಿಜವಾಗಿ ಕಲಿಯುವುದು ಹೇಗೆ? ನನಗೆ ತಪ್ಪು ಅನ್ನಿಸಿದ ವಿಷಯಕ್ಕೆ ‘ಇಲ್ಲಿ ಹೀಗೇ ನಡೆಯೋದು’ ಅಂದುಬಿಟ್ಟರೆ ಏನು ಮಾಡಬೇಕು? ಇನ್ನೊಂದು ಸಣ್ಣ ಅನುಮಾನ: ಮೊದಲ ಭೇಟಿಯಲ್ಲಿ ಕೈ ಕುಲುಕಬೇಕಾ, ಬಾಗಬೇಕಾ?

ಉತ್ತರ: ತರಬೇತಿ ದಂಡ ಅಂತ ನಾನು ಅನ್ನುವುದಿಲ್ಲ. ಆದರೆ ಕಾರ್ಡನ್ನು ಒಂದೇ ಕೈಯಲ್ಲಿ ಕೊಟ್ಟ ಕಾರಣಕ್ಕೆ ಮುಳುಗಿದ ವ್ಯವಹಾರವನ್ನು ಇನ್ನೂ ನೋಡಿಲ್ಲ. ಹೊರಗಿನವರು ಪಾಪ ಅಂತ ಜನ ಅಂಥದ್ದನ್ನು ನಕ್ಕು ಮರೆಯುತ್ತಾರೆ. ನಾನು ನೋಡಿದ ಅನಾಹುತಗಳು ಬೇರೆ ಥರದವು. ಕೆಳಗೆ ಯಾರಿಗೋ ವಿಷಯ ಗೊತ್ತಿತ್ತು. ಅವರು ತಮ್ಮ ರೀತಿಯಲ್ಲಿ ಹೇಳಿಯೂ ಇದ್ದರು. ಮೇಲಿದ್ದವರಿಗೆ ಕೇಳಿಸಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ಮೂರೂ ದೇಶಗಳಿಂದ ಕೆಟ್ಟ ಸುದ್ದಿ ನಿಮ್ಮ ತನಕ, ಕಾಲ ಮೀರುವ ಮೊದಲೇ, ಬರುವ ಹಾಗೆ ಮಾಡುವುದು ಹೇಗೆ? ನನ್ನ ಲೆಕ್ಕದಲ್ಲಿ ನೀವು ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಜಪಾನಿನ ಒಂದು ಕಂಪನಿಯವರನ್ನು, ‘ತಿಂಗಳ 15ರೊಳಗೆ ಮಾಲು ಕೊಡಲು ಆಗುತ್ತದಾ?’ ಎಂದು ಕೇಳಿದೆ. ಆ ಕಡೆ ಕೂತವರು ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸ್ವಲ್ಪ ಕಷ್ಟ’ ಅಂದರು. ಕಷ್ಟಪಟ್ಟಾದರೂ ಮಾಡುತ್ತಾರೆ ಅಂತ ನಾನು ತಿಳಿದುಕೊಂಡೆ. ನಮ್ಮ ಗ್ರಾಹಕರಿಗೆ ಮಾತು ಕೊಟ್ಟೂಬಿಟ್ಟೆ. 15 ಬಂತು, ಮಾಲು ಬರಲಿಲ್ಲ. ಸಿಟ್ಟಿನಲ್ಲಿ ಫೋನ್ ಮಾಡಿದರೆ ಅವರಿಗೆ ನಿಜವಾಗಿಯೂ ಆಶ್ಚರ್ಯ. ಆಗುವುದಿಲ್ಲ ಅಂತ ಅವತ್ತೇ ಹೇಳಿದ್ದೆವಲ್ಲ! ಹೇಳಿದ್ದರು, ಹೌದು. ಜಪಾನಿನ ವ್ಯವಹಾರದಲ್ಲಿ ‘ಸ್ವಲ್ಪ ಕಷ್ಟ’ ಅಂದರೆ ಸಾಮಾನ್ಯವಾಗಿ ‘ಇಲ್ಲ’ ಅಂತಲೇ ಅರ್ಥ. ಮಾತು ಮಾತಿಗೂ ಬರುವ ಅವರ ‘ಹಾಯ್’ ಕೂಡ ಅಷ್ಟೇ. ನಿಘಂಟಿನಲ್ಲಿ ಅದು ‘ಹೌದು’. ನೀವು ಮಾತಾಡುತ್ತಿರುವಾಗ ನಡುವೆ ಬಂದರೆ ಅದು ನಮ್ಮ ‘ಹೂಂ’ ಇದ್ದ ಹಾಗೆ: ಕೇಳಿಸಿಕೊಳ್ತಾ ಇದ್ದೀನಿ, ಮುಂದೆ ಹೇಳಿ. ಒಪ್ಪಿದೆ ಅಂತ ಅಲ್ಲ.

ಇಂಡೋನೇಷ್ಯಾದಲ್ಲಿ ‘ಬೆಲುಮ್’ ಅನ್ನುವ ಪದ ನಿಮ್ಮ ಕಿವಿಗೆ ಪದೇ ಪದೇ ಬೀಳುತ್ತದೆ. ‘ಇನ್ನೂ ಇಲ್ಲ’ ಅಂತ ಅರ್ಥ. ಖಡಾಖಂಡಿತ ‘ಇಲ್ಲ’ ಒರಟಾಗಿ ಕೇಳುವ ಕಡೆ ಇದು ಮೆತ್ತಗೆ ಬಂದು ಕೂರುತ್ತದೆ. ಇನ್ನೂ ಆಗಿಲ್ಲ ಅಂದವರು ಆಗುವುದೇ ಇಲ್ಲ ಅಂತ ಹೇಳುತ್ತಿರಬಹುದು. ಜರ್ಮನಿಯಲ್ಲಿ ಇದರ ಉಲ್ಟಾ. ‘ಇದು ತಪ್ಪು’ ಅಂತ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ಆಮೇಲೆ ನಗುತ್ತಾ ಊಟಕ್ಕೆ ಕರೆಯುತ್ತಾರೆ. ತಪ್ಪು ಅಂದದ್ದು ಲೆಕ್ಕಕ್ಕೆ, ನಿಮಗಲ್ಲ. ಅಲ್ಲಿ ಕೆಟ್ಟ ಸುದ್ದಿ ತಾನಾಗಿಯೇ ಬರುತ್ತದೆ. ಕೇಳಿ ಮುನಿಸಿಕೊಳ್ಳದೆ ಇರುವುದಷ್ಟೇ ನಿಮ್ಮ ಕೆಲಸ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಈ ವ್ಯತ್ಯಾಸವನ್ನು ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ಅಂತ ವಿವರಿಸಿದರು. ಲೋ ಕಾಂಟೆಕ್ಸ್ಟ್ ಅಂದರೆ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ. ಹೈ ಕಾಂಟೆಕ್ಸ್ಟ್ ಅಂದರೆ ಅರ್ಧ ಮಾತಿನಲ್ಲಿ. ಉಳಿದರ್ಧ ಯಾರು, ಯಾರ ಎದುರು, ಎಷ್ಟು ಹೊತ್ತು ಸುಮ್ಮನಿದ್ದು ಹೇಳಿದರು ಅನ್ನುವುದರಲ್ಲಿ.

ಇದು ಬರೀ ಮಾಲು ತಡವಾಗುವ ವಿಷಯ ಅಂದುಕೊಳ್ಳಬೇಡಿ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಆವಿಯಾಂಕಾ 52 ವಿಮಾನವನ್ನು ಹವಾಮಾನ ಕೆಟ್ಟಿದ್ದರಿಂದ ಒಂದು ಗಂಟೆಗೂ ಜಾಸ್ತಿ ಹೊತ್ತು ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗಿಯುತ್ತಾ ಬಂತು. ಇಳಿಯುವ ಮೊದಲ ಪ್ರಯತ್ನ ಕೈಕೊಟ್ಟಿತು. ‘ಎಮರ್ಜೆನ್ಸಿ ಅಂತ ಹೇಳು’ ಎಂದು ಕ್ಯಾಪ್ಟನ್ ಸಹಪೈಲಟ್‌ಗೆ ಹೇಳಿದರು. ಸಹಪೈಲಟ್ ರೇಡಿಯೊದಲ್ಲಿ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ ಅಂದರು. ಎಮರ್ಜೆನ್ಸಿ ಅನ್ನುವ ಪದ ಕೊನೆವರೆಗೂ ಅವರ ಬಾಯಿಂದ ಬರಲಿಲ್ಲ. ಕೆಳಗಿದ್ದವರಿಗೆ ಅದು ದಿನವೂ ಕೇಳುವ ಮಾತಿನ ಹಾಗೆ ಕೇಳಿಸಿತು. ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಇದಕ್ಕೆ ಸಂಸ್ಕೃತಿಯೊಂದೇ ಕಾರಣ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಇಂಧನದ ಲೆಕ್ಕ, ಹವಾಮಾನ, ಪರಭಾಷೆ, ದಣಿವು ಎಲ್ಲ ಸೇರಿಕೊಂಡಿದ್ದವು. ಆದರೆ ಒಬ್ಬರು ಮೆತ್ತಗೆ ಹೇಳಿದ ಮಾತನ್ನು ಇನ್ನೊಬ್ಬರು ಮೆತ್ತಗಿನ ವಿಷಯ ಅಂದುಕೊಂಡದ್ದು ಮಾತ್ರ ನಿಜ. ನಿಮ್ಮ ವಾರದ ಮೀಟಿಂಗಿನಲ್ಲಿ ನಡೆಯುವುದೂ ಇದರ ಸಣ್ಣ ರೂಪವೇ.

ಹಾಗಾದರೆ ಏನು ಮಾಡುವುದು? ಮೊದಲು, ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆಗಳನ್ನು ಬಿಟ್ಟುಬಿಡಿ. ‘ಆಗುತ್ತದಾ?’ ಅಂತ ಕೇಳಿದರೆ ಎದುರಿನವರ ಮರ್ಯಾದೆಯನ್ನು ಪಣಕ್ಕೆ ಇಟ್ಟ ಹಾಗೆ. ‘ಇದನ್ನು 15ರೊಳಗೆ ಮುಗಿಸಲು ಯಾವ ಯಾವ ಕೆಲಸ ಪಕ್ಕಕ್ಕೆ ಇಡಬೇಕಾಗುತ್ತದೆ?’ ಅಂತ ಕೇಳಿ ನೋಡಿ. ಅಥವಾ, ‘ಇದು ಕೆಟ್ಟರೆ ಎಲ್ಲಿಂದ ಕೆಡಬಹುದು?’ ಅನ್ನಿ. ಆಗ ತೊಂದರೆ ಹೇಳುವುದೇ ಅವರ ಕೆಲಸವಾಗುತ್ತದೆ, ಅಧಿಕಪ್ರಸಂಗ ಆಗುವುದಿಲ್ಲ. ಎರಡನೆಯದು, ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ನೀವು ಮೊದಲೇ ಬಾಯಿ ಬಿಟ್ಟರೆ ಎಷ್ಟೋ ಕಡೆ ಚರ್ಚೆ ಅಲ್ಲಿಗೇ ಮುಗಿಯಿತು. ಮೌನವನ್ನು ತುಂಬಲು ಹೋಗಬೇಡಿ. ಪರಭಾಷೆಯಲ್ಲಿ ಮಾತಾಡುವವರು ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಳ್ಳುತ್ತಿರುತ್ತಾರೆ. ನೀವು ಎರಡು ಸೆಕೆಂಡಿಗೆ ಬೇರೆ ವಿಷಯಕ್ಕೆ ಹಾರಿದರೆ ಆ ವಾಕ್ಯ ಗಂಟಲಲ್ಲೇ ಉಳಿಯುತ್ತದೆ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅನ್ನುವ ಧೈರ್ಯವೂ ಬೇಡ. ‘ಟೇಬಲ್ ಮಾಡೋಣ’ ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ಎತ್ತಿಕೊಳ್ಳೋಣ ಅಂತ, ಅಮೆರಿಕದಲ್ಲಿ ಸದ್ಯ ಪಕ್ಕಕ್ಕಿಡೋಣ ಅಂತ. ಎರಡನೇ ಮಹಾಯುದ್ಧದಲ್ಲಿ ಇದೊಂದು ಪದಕ್ಕೆ ಎರಡೂ ಕಡೆಯವರು ಬಹಳ ಹೊತ್ತು ಜಗಳವಾಡಿದ್ದನ್ನು ಚರ್ಚಿಲ್ ಬರೆದುಕೊಂಡಿದ್ದಾರೆ.

ಮೀಟಿಂಗಿಗಿಂತ ಮುಂಚಿನ ಮಾತುಕತೆಗೆ ಜಾಸ್ತಿ ಸಮಯ ಕೊಡಿ. ಜಪಾನಿನಲ್ಲಿ ಇದಕ್ಕೆ ‘ನೆಮಾವಾಶಿ’ ಅನ್ನುತ್ತಾರೆ. ತೋಟದ ಕೆಲಸದಿಂದ ಬಂದ ಮಾತು. ಮರವನ್ನು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ನಿಧಾನವಾಗಿ ಅಗೆದು ಸಿದ್ಧ ಮಾಡುವುದು. ಆಫೀಸಿನಲ್ಲಿ, ಒಂದು ಪ್ರಸ್ತಾಪ ಮೀಟಿಂಗಿಗೆ ಬರುವ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಮಾತಾಡುವುದು. ಹೊರಗಿನವರಿಗೆ ಇದು ಒಳಸಂಚಿನ ಹಾಗೆ ಕಾಣಬಹುದು. ನನಗೂ ಮೊದಮೊದಲು ಹಾಗೇ ಕಂಡಿತ್ತು. ಆಮೇಲೆ ಗೊತ್ತಾಯಿತು, ‘ಬೇಡ’ ಅಂತ ಮರ್ಯಾದೆ ಕೆಡದ ಹಾಗೆ ಹೇಳಲು ಅವರು ಮಾಡಿಕೊಂಡ ಜಾಗ ಅದು ಅಂತ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರೆ ಅದು ತೀರ್ಮಾನವಲ್ಲ, ಆಗಲೇ ಆದ ತೀರ್ಮಾನಕ್ಕೆ ಹಾಕಿದ ಮುದ್ರೆ. ಆ ಮುಂಚಿನ ಸುತ್ತಿನಲ್ಲಿ ನೀವು ಇಲ್ಲದಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಇಂಡೋನೇಷ್ಯಾದವರೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುವ ಒಂದು ಮಾತಿದೆ: ‘ಅಸಾಲ್ ಬಪಕ್ ಸೆನಾಂಗ್’. ಯಜಮಾನರು ಖುಷಿಯಾಗಿದ್ದರೆ ಸಾಕು ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತೇವಲ್ಲ, ಅದರ ಆಫೀಸ್ ರೂಪ. ಅವರು ಇದನ್ನು ಗೇಲಿ ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಅಂದರೆ ಎಲ್ಲರೂ ಒಪ್ಪಿಕೊಂಡ ನಡವಳಿಕೆ ಅಲ್ಲ ಅದು, ಅವರಿಗೂ ಕಾಡುವ ನಡವಳಿಕೆ. ಈ ಮಾತಿಗೆ ಮತ್ತೆ ಬರುತ್ತೇನೆ.

ನಿಮ್ಮ ತರಬೇತಿಯಲ್ಲಿ ದೇಶಗಳಿಗೆ ಅಂಕ ಹಾಕಿದ ಪಟ್ಟಿಯೂ ಇದ್ದಿರಬೇಕು. ಅದರ ಮೂಲ ಹೆಚ್ಚಾಗಿ ಡಚ್ ವಿದ್ವಾಂಸ ಹೇರ್ಟ್ ಹಾಫ್‌ಸ್ಟೆಡ್. 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ತುಂಬಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಆಧಾರದ ಮೇಲೆ ಅವರು 1980ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮೇಲಿನವರ ಅಧಿಕಾರವನ್ನು ಜನ ಎಷ್ಟು ಸಹಜ ಅಂತ ಒಪ್ಪುತ್ತಾರೆ ಎನ್ನುವುದು ಅವರ ಅಳತೆಗಳಲ್ಲಿ ಒಂದು. ಕೆಲಸಕ್ಕೆ ಬರುವ ಅಳತೆಯೇ. ಆದರೆ ಅದು ದೇಶದ ಸರಾಸರಿ, ಅದೂ ಒಂದೇ ಕಂಪನಿಯವರದು, ಅರ್ಧ ಶತಮಾನದ ಹಿಂದಿನದು. ದೇಶದ ಅಂಕವನ್ನು ಒಬ್ಬ ಮನುಷ್ಯನ ಮೇಲೆ ಅಂಟಿಸಬೇಡಿ ಅಂತ ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ತರಬೇತಿ ಕೊಡುವವರು ಆ ಪುಟವನ್ನು ಹಾರಿಸಿಬಿಡುತ್ತಾರೆ. ಸರಾಸರಿ ಆಳ ನೋಡಿಕೊಂಡು ಹೊಳೆಗೆ ಇಳಿದ ಹಾಗೆ ಆಗುತ್ತದೆ ಆಮೇಲೆ.

ನನಗೆ ಇದಕ್ಕಿಂತ ಹಿಡಿಸಿದ್ದು ಗ್ಲೋಬ್ ಅನ್ನುವ ಅಧ್ಯಯನ. 62 ಸಮಾಜಗಳ ಸುಮಾರು 17,000 ಮಧ್ಯಮ ಹಂತದ ಮ್ಯಾನೇಜರುಗಳನ್ನು ಕೇಳಿ 2004ರಲ್ಲಿ ಪ್ರಕಟಿಸಿದರು. ಮಹತ್ವಾಕಾಂಕ್ಷೆ, ಅಪಾಯಕ್ಕೆ ಕೈಹಾಕುವ ಸ್ವಭಾವ ಇಂಥವು ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ. ಆದರೆ ನಾಯಕ ನ್ಯಾಯವಾಗಿ ನಡೆದುಕೊಳ್ಳಬೇಕು, ನಂಬಿಕೆಗೆ ಅರ್ಹನಾಗಿರಬೇಕು ಅನ್ನುವುದನ್ನು ಎಲ್ಲ ಕಡೆಯವರೂ ಬಯಸಿದರು. ಸಿಡುಕು, ದರ್ಪ ಯಾರಿಗೂ ಇಷ್ಟವಾಗಲಿಲ್ಲ. ‘ನಮ್ಮವರಿಗೆ ಬೈದರೇ ಅರ್ಥವಾಗೋದು’ ಅಂತ ಯಾವ ದೇಶದ ಮ್ಯಾನೇಜರ್ ನಿಮಗೆ ಬುದ್ಧಿ ಹೇಳಿದರೂ ಇದನ್ನು ನೆನಪಿಸಿಕೊಳ್ಳಿ.

ಈಗ ಜವಾಬ್ದಾರಿಯ ಮಾತು. 2013ರ ಏಪ್ರಿಲ್ 23ರಂದು ಢಾಕಾ ಹತ್ತಿರದ ಸವಾರ್‌ನಲ್ಲಿ ರಾನಾ ಪ್ಲಾಜಾ ಅನ್ನುವ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿನ ಅಂತಸ್ತಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿದ್ದ ಗಾರ್ಮೆಂಟ್ಸ್ ಕಾರ್ಖಾನೆಗಳ ಕೆಲಸಗಾರರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕಳಿಸಿದರು. ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದ್ದೂ ಉಂಟು. ಕಟ್ಟಡ ಕುಸಿದು 1,134 ಜನ ಸತ್ತರು. ಅಲ್ಲಿ ಹೊಲಿಯುತ್ತಿದ್ದದ್ದು ಯುರೋಪ್, ಅಮೆರಿಕದ ಬ್ರ್ಯಾಂಡುಗಳಿಗೆ. ಕೆಲವು ಕಾರ್ಖಾನೆಗಳಲ್ಲಿ ತಪಾಸಣೆಯೂ ಆಗಿತ್ತು. ಬಿರುಕು ಎಲ್ಲರ ಕಣ್ಣಿಗೆ ಬಿದ್ದಿತ್ತು, ಆದರೆ ಆ ಸುದ್ದಿಗೆ ಮೇಲೆ ಹೋಗಲು ದಾರಿಯೇ ಇರಲಿಲ್ಲ.

ಇದರಲ್ಲಿ ಸಂಸ್ಕೃತಿ ಎಲ್ಲಿ ಬಂತು ಅಂತ ಕೇಳಬಹುದು. ಬಂತು. ದೂರದ ಆಫೀಸಿನಲ್ಲಿ ಕೂತು ವಾರ ವಾರಕ್ಕೆ ಗಡುವು ಬಿಗಿ ಮಾಡುವವರೂ ಒಂದು ಸಂಸ್ಕೃತಿಯವರೇ. ಆ ಗಡುವು ಕೆಳಗೆ ಇಳಿಯುತ್ತಾ ಇಳಿಯುತ್ತಾ, ‘ಇವತ್ತು ಬೇಡ’ ಅನ್ನುವ ಮಾತನ್ನೇ ಅಸಾಧ್ಯ ಮಾಡಿಬಿಡುತ್ತದೆ. ಸುಮ್ನೆ ‘ನನ್ನ ಬಾಗಿಲು ಯಾವಾಗಲೂ ತೆರೆದಿದೆ’ ಅಂದರೆ ಆಗುವುದಿಲ್ಲ. ಆ ಬಾಗಿಲ ತನಕ ಬರಲು ಒಬ್ಬ ದರ್ಜಿ ಎಷ್ಟು ಜನರನ್ನು ದಾಟಬೇಕು ಅಂತ ಎಣಿಸಿ. ಕುಸಿತದ ಮುಂದಿನ ತಿಂಗಳೇ ಬ್ರ್ಯಾಂಡುಗಳು, ಕಾರ್ಮಿಕ ಸಂಘಗಳು ಸೇರಿ ಮಾಡಿಕೊಂಡ ಒಪ್ಪಂದ ಕಾನೂನಿನ ಬಲ ಇರುವಂಥದ್ದು. ಸ್ವತಂತ್ರ ತಪಾಸಣೆಯ ಜೊತೆಗೆ, ಅಪಾಯ ಕಂಡರೆ ಕೆಲಸ ನಿಲ್ಲಿಸುವ ಹಕ್ಕನ್ನೂ ಅದರಲ್ಲಿ ಬರೆದರು. ನನಗೆ ಮುಖ್ಯ ಅನ್ನಿಸುವುದು ಈ ಕೊನೆಯದು. ‘ಇಲ್ಲ’ ಅನ್ನಲು ಧೈರ್ಯ ಬೇಕಾಗದ ಹಾಗೆ ಮಾಡಿದರು.

ಹಾಗಂತ ದೂರು ಹೇಳುವ ದಾರಿಯನ್ನು ನಿಮ್ಮೂರಿನಲ್ಲಿ ತಯಾರಿಸಿ ಎಲ್ಲ ಕಡೆಗೂ ಕಳಿಸಲು ಹೋದರೂ ಕೆಡುತ್ತದೆ. ಅಮೆರಿಕದ ದೊಡ್ಡ ಅಂಗಡಿ ಸರಪಳಿ ವಾಲ್‌ಮಾರ್ಟ್ 1997ರ ಕೊನೆಯಲ್ಲಿ ಜರ್ಮನಿಗೆ ಹೋಯಿತು. 2005ರಲ್ಲಿ ತನ್ನ ನೀತಿ ಸಂಹಿತೆಯನ್ನು ಅಲ್ಲಿಯ ನೌಕರರಿಗೂ ಹಂಚಿತು. ಸಹೋದ್ಯೋಗಿಯ ತಪ್ಪನ್ನು ಫೋನ್ ಮಾಡಿ ತಿಳಿಸಲು ಒಂದು ಹಾಟ್‌ಲೈನ್, ಜೊತೆಗೆ ನೌಕರರ ಪ್ರೇಮ ಸಂಬಂಧಗಳ ಮೇಲೂ ಕಟ್ಟುಪಾಡು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ನಾಜಿಗಳ ಗೆಸ್ಟಾಪೊ, ಪೂರ್ವ ಜರ್ಮನಿಯ ಸ್ಟಾಸಿ ಅನ್ನುವ ಎರಡು ಗುಪ್ತ ಪೊಲೀಸ್ ಪಡೆಗಳನ್ನು ಕಂಡ ನಾಡಿನಲ್ಲಿ ಪಕ್ಕದವರ ಮೇಲೆ ಗುಟ್ಟಾಗಿ ಫೋನ್ ಮಾಡಿ ಅಂದರೆ ಹೇಗೆ ಕೇಳಿಸೀತು? ಮೇಲಾಗಿ ಜರ್ಮನಿಯಲ್ಲಿ ಐದು ಜನ ನೌಕರರಿದ್ದರೂ ಸಾಕು, ಅವರು ಬೆಟ್ರೀಬ್ಸ್‌ರಾಟ್ ಅನ್ನುವ ನೌಕರರ ಮಂಡಳಿಯನ್ನು ಆರಿಸಿಕೊಳ್ಳಬಹುದು. ಕೆಲಸದ ಜಾಗದ ನಡವಳಿಕೆ ನಿಯಮಗಳಿಗೆ ಮಂಡಳಿಯ ಒಪ್ಪಿಗೆ ಬೇಕು ಅಂತ ಕಾನೂನೇ ಹೇಳುತ್ತದೆ. ಕಂಪನಿ ಕೇಳಿರಲಿಲ್ಲ. ಮಂಡಳಿ ಕೋರ್ಟಿಗೆ ಹೋಯಿತು. ಪ್ರೇಮದ ಮೇಲಿನ ನಿಷೇಧವನ್ನು ಕೋರ್ಟ್ ತಳ್ಳಿಹಾಕಿತು, ಹಾಟ್‌ಲೈನಿಗೆ ಮಂಡಳಿಯ ಒಪ್ಪಿಗೆ ಬೇಕು ಅಂದಿತು. ಬೇರೆ ಬೇರೆ ಕಾರಣಗಳಿಗೆ ನಷ್ಟದಲ್ಲಿದ್ದ ಕಂಪನಿ 2006ರಲ್ಲಿ ಅಲ್ಲಿಂದ ಹೊರಟೇಹೋಯಿತು.

ವಿಶ್ವಸಂಸ್ಥೆಯಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂತ್ರಗಳೂ ಇದನ್ನೇ ಕೇಳುತ್ತವೆ. ದೂರಿನ ವ್ಯವಸ್ಥೆಯನ್ನು ಅದನ್ನು ಬಳಸುವವರ ಜೊತೆ ಕೂತು ರೂಪಿಸಿ ಅಂತ. ನಿಮ್ಮ ಮೂರು ದೇಶಗಳಿಗೆ ಮೂರು ದಾರಿ ಬೇಕಾಗಬಹುದು. ಜರ್ಮನಿಯಲ್ಲಿ ನೌಕರರ ಮಂಡಳಿ. ಜಪಾನಿನಲ್ಲಿ ಕೆಲಸ ಮುಗಿದ ಮೇಲಿನ ಸಮಾಧಾನದ ಹೊತ್ತು. ಇಂಡೋನೇಷ್ಯಾದಲ್ಲಿ ಎಲ್ಲರೂ ನಂಬುವ ಒಬ್ಬ ಹಿರಿಯರು. ಆದರೆ ಅಂಥ ಮಧ್ಯಸ್ಥರು ಒಬ್ಬರೇ ಆಗದಿರಲಿ. ಒಂದೇ ಕಿಟಕಿಯಿಂದ ನೋಡುವವರಿಗೆ ಆ ಕಿಟಕಿಯವರು ತೋರಿಸಿದ್ದೇ ಊರು.

ಇನ್ನು ‘ಇಲ್ಲಿ ಹೀಗೇ ನಡೆಯೋದು’. ಈ ಮಾತು ಕೇಳಿದ ಕೂಡಲೇ ನಾನು ಮನಸ್ಸಿನಲ್ಲೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಹೇಳುತ್ತಿರುವವರು ಯಾರು, ನಷ್ಟ ಅನುಭವಿಸುತ್ತಿರುವವರು ಯಾರು? ಎರಡೂ ಒಬ್ಬರೇ ಆಗಿದ್ದರೆ ತಗ್ಗಿ ಕೇಳಿ, ಕಲಿಯಿರಿ. ಬೇರೆ ಬೇರೆ ಆಗಿದ್ದರೆ ಹುಷಾರು.

2011ರ ಅಕ್ಟೋಬರಿನಲ್ಲಿ ಜಪಾನಿನ ಒಲಿಂಪಸ್ ಕಂಪನಿ ತನ್ನ ಬ್ರಿಟಿಷ್ ಮುಖ್ಯಸ್ಥ ಮೈಕಲ್ ವುಡ್‌ಫೋರ್ಡ್ ಅವರನ್ನು ಕಿತ್ತುಹಾಕಿತು. ಜಪಾನಿ ರೀತಿಯ ಆಡಳಿತಕ್ಕೆ ಅವರು ಹೊಂದಿಕೊಳ್ಳಲಿಲ್ಲ ಅನ್ನುವ ಅರ್ಥದ ಕಾರಣ ಕೊಟ್ಟರು. ನಿಜ ಏನೆಂದರೆ, ಒಂದು ಕಂಪನಿಯನ್ನು ಕೊಂಡಾಗ ಸಲಹೆಗಾರರಿಗೆ ಕೊಟ್ಟ 68 ಕೋಟಿ ಡಾಲರಿಗೂ ಹೆಚ್ಚಿನ ಶುಲ್ಕ ಯಾಕೆ ಅಂತ ಅವರು ಕೇಳುತ್ತಿದ್ದರು. ಕೊನೆಗೆ ಹೊರಬಂದದ್ದು ವರ್ಷಗಟ್ಟಲೆ ಮುಚ್ಚಿಟ್ಟ ಸುಮಾರು 170 ಕೋಟಿ ಡಾಲರ್ ನಷ್ಟ. ವಿದೇಶಿಯೊಬ್ಬರು ಬಂದು ಜಪಾನಿನವರನ್ನು ತಿದ್ದಿದ ಕಥೆ ಅಂತ ಇದನ್ನು ಓದಬೇಡಿ. ವುಡ್‌ಫೋರ್ಡ್ ಅವರಿಗೆ ವಿಷಯ ಗೊತ್ತಾದದ್ದೇ ಜಪಾನಿನ ಒಂದು ಪತ್ರಿಕೆಯಿಂದ. ಅದಕ್ಕೆ ಸುದ್ದಿ ಸಿಕ್ಕಿದ್ದು ಕಂಪನಿಯೊಳಗಿನವರಿಂದ. ‘ನಮ್ಮ ಸಂಸ್ಕೃತಿ’ ಅಂತ ಮೇಲಿನವರು ಹೇಳುವಾಗ, ಅದೇ ಸಂಸ್ಕೃತಿಯ ಇನ್ನೊಬ್ಬರು ಅದನ್ನು ಒಪ್ಪದೆ ಒಳಗೊಳಗೇ ಕುದಿಯುತ್ತಿರುತ್ತಾರೆ. ಅಸಾಲ್ ಬಪಕ್ ಸೆನಾಂಗ್ ಅಂತ ಗೇಲಿ ಮಾಡುವವರು ಇವರೇ. ನೀವು ಅವರನ್ನು ಹುಡುಕಬೇಕು.

ಲಂಚದ ವಿಷಯದಲ್ಲಂತೂ ಸಂಸ್ಕೃತಿಯ ವಾದ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಜರ್ಮನಿಯಲ್ಲಿ 1990ರ ದಶಕದ ಕೊನೆಯವರೆಗೂ ಹೊರದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯವಹಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ 1997ರ ಒಪ್ಪಂದದ ನಂತರ ಕಾನೂನು ಬದಲಾಯಿತು. 2008ರಲ್ಲಿ ಜರ್ಮನಿಯದೇ ಸೀಮೆನ್ಸ್ ಕಂಪನಿ ಲಂಚದ ಪ್ರಕರಣದಲ್ಲಿ ಅಮೆರಿಕ, ಜರ್ಮನಿ ಎರಡೂ ಕಡೆ ಸೇರಿ ಸುಮಾರು 160 ಕೋಟಿ ಡಾಲರ್ ತೆತ್ತಿತು. ಹತ್ತು ವರ್ಷದಲ್ಲಿ ಆ ‘ಸಂಸ್ಕೃತಿ’ ಎಲ್ಲಿ ಹೋಯಿತು? ಉಡುಗೊರೆಯ ಮಾತು ಬೇರೆ. ಜಪಾನಿನಲ್ಲಿ ಬೇಸಿಗೆ ಮತ್ತು ವರ್ಷದ ಕೊನೆಯಲ್ಲಿ ಉಡುಗೊರೆ ಕೊಡುವ ಕಾಲವೇ ಇದೆ. ತಿರಸ್ಕರಿಸಿದರೆ ನೋವಾಗುತ್ತದೆ. ನಾನು ನೋಡುವುದು ಇಷ್ಟು: ಎಲ್ಲರೆದುರು ಕೊಡುವಂಥದ್ದಾ? ಲೆಕ್ಕದ ಪುಸ್ತಕದಲ್ಲಿ ಬರೆಯಬಹುದಾ? ಬದಲಿಗೆ ಏನೂ ಸಿಗದಿದ್ದರೂ ಕೊಡುತ್ತಿದ್ದರಾ? ಕೆಲಸ ಬೇಗ ಆಗಲಿ ಅಂತ ಕೊಡುವ ಚಿಲ್ಲರೆ ಹಣದ ಬಗ್ಗೆ ಕಾನೂನುಗಳೇ ಒಂದೊಂದು ಥರ. ಅಮೆರಿಕದ 1977ರ ಕಾನೂನು ಅದಕ್ಕೆ ಕಿರಿದಾದ ವಿನಾಯಿತಿ ಕೊಡುತ್ತದೆ, ಬ್ರಿಟನ್ನಿನ 2010ರ ಕಾನೂನು ಕೊಡುವುದಿಲ್ಲ. ಬಿಗಿಯಾದದ್ದನ್ನೇ ಹಿಡಿದುಕೊಳ್ಳಿ, ತಲೆನೋವು ಕಡಿಮೆ.

ಒಂದು ರೂಢಿ ಮಾಡಿಕೊಳ್ಳಿ. ನಿಮಗೆ ಕಿರಿಕಿರಿಯಾದಾಗಲೆಲ್ಲ ಮೂರು ಸಾಲು ಬರೆದಿಡಿ: ಕಣ್ಣಾರೆ ಕಂಡದ್ದೇನು, ಅದಕ್ಕೆ ನಾನು ಕೊಟ್ಟ ಅರ್ಥವೇನು, ನನಗೆ ಅನ್ನಿಸಿದ್ದೇನು. ‘ಅವರು ಆಸಕ್ತಿ ತೋರಲಿಲ್ಲ’ ಅನ್ನುವುದು ಕಂಡದ್ದಲ್ಲ, ಕೊಟ್ಟ ಅರ್ಥ. ಕಂಡದ್ದು, ‘ನಲವತ್ತು ನಿಮಿಷ ಮಾತಾಡಲಿಲ್ಲ’. ವಾರಕ್ಕೊಮ್ಮೆ ಆ ಎರಡನೇ ಸಾಲನ್ನು ಅಲ್ಲಿಯವರೊಬ್ಬರ ಎದುರು ಇಟ್ಟು, ‘ನಾನು ಹೀಗೆ ತಿಳಿದುಕೊಂಡೆ, ಸರಿನಾ?’ ಅಂತ ಕೇಳಿ. ಬೇಗ ಕಲಿಯಲು ನನಗೆ ಗೊತ್ತಿರುವ ದಾರಿ ಇದೊಂದೇ. ಹಾಗೆಯೇ ನಡುರಾತ್ರಿಯ ವಿಡಿಯೊ ಕಾಲ್ ಯಾವಾಗಲೂ ಒಂದೇ ದೇಶದವರ ಪಾಲಿಗೆ ಬೀಳುತ್ತಿದೆಯಾ ಅಂತ ನೋಡಿಕೊಳ್ಳಿ. ಸರದಿ ಹಾಕಿ, ನಿಮ್ಮ ಹೆಸರನ್ನೂ ಸೇರಿಸಿ. ಮರ್ಯಾದೆಯ ಬಗ್ಗೆ ನೀವು ಮಾಡುವ ಭಾಷಣಕ್ಕಿಂತ ಆ ಸರದಿ ಪಟ್ಟಿಯನ್ನು ಜನ ಹುಷಾರಾಗಿ ಓದುತ್ತಾರೆ.

ಮೊದಲ ಭೇಟಿಯ ಅನುಮಾನ ಉಳಿಯಿತು. ಕೈ ಕುಲುಕಬೇಕಾ, ಬಾಗಬೇಕಾ ಅಲ್ವಾ? ಎದುರಿನವರು ಏನು ಮಾಡುತ್ತಾರೋ ನೋಡಿ, ಅರ್ಧ ಸೆಕೆಂಡ್ ತಡವಾಗಿ ಅದನ್ನೇ ಮಾಡಿ. ಅವರೂ ಅಂಥದ್ದೇ ತರಬೇತಿ ಮುಗಿಸಿ ಬಂದಿದ್ದರೆ ಒಬ್ಬರು ಬಾಗಿ ಇನ್ನೊಬ್ಬರು ಕೈ ಚಾಚಿ ನಿಲ್ಲುವುದೂ ಉಂಟು. ನನಗೆ ಎರಡು ಸಲ ಆಗಿದೆ. ಎರಡು ಸಲವೂ ಇಬ್ಬರೂ ನಕ್ಕು ಕೂತೆವು, ಮಾತು ಸಲೀಸಾಗಿ ಶುರುವಾಯಿತು.